ಹಳೇ ದೋಣಿಗೆ ಹೊಸ ಮೈ



ನಮ್ಮ ಮಾಯಸಂದ್ರಕ್ಕೆ ಸಮುದ್ರ ಇಲ್ಲ. ನಮಗೆ ಇರೋದು ತೆಂಗಿನ ತೋಟ, ಕೆರೆ. ಆದರೂ ಇವತ್ತು ಮೀನು ಹಿಡಿಯುವ ದೋಣಿಯ ವಿಷಯ ಹೇಳ್ತೀನಿ. ದೋಣಿಗೂ ತೆಂಗಿಗೂ ಹಳೇ ನಂಟು. ಹಿಂದೆ ಕರಾವಳಿಯಲ್ಲಿ ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ದೋಣಿ ಕಟ್ಟುತ್ತಿದ್ದರು. ಈಗ ಫೈಬರ್ ದೋಣಿ ಬಂದಿದೆ. ಕೆರೆಗೆ ಇಳಿಸುವ ಹರಿಗೋಲನ್ನೂ ಫೈಬರಿನಲ್ಲಿ ಮಾಡ್ತಾರೆ. ಬಾಗಿಲು, ನೀರಿನ ತೊಟ್ಟಿಯನ್ನೂ ಮಾಡ್ತಾರೆ.

ಫೈಬರ್ ಅಂದ್ರೆ ಏನು? ಗಾಜನ್ನು ಕರಗಿಸಿ ಕೂದಲಿನಂಥ ಎಳೆ ತೆಗೀತಾರೆ. ಆ ಎಳೆಯ ಚಾಪೆ ಹಾಸಿ, ಅದರ ಮೇಲೆ ರೆಸಿನ್ ಎಂಬ ಅಂಟು ಸವರುತ್ತಾರೆ. ಅಂಟು ಗಟ್ಟಿಯಾದರೆ ಕಲ್ಲಿನಂತೆ ಆಗುತ್ತದೆ.

ದೋಣಿಯಲ್ಲಿ ನಿಂತು ಬಲೆ ಎಳೆಯುವ ಜಾಗಕ್ಕೆ ಡೆಕ್ ಅಂತಾರೆ. ಎಷ್ಟೋ ದೋಣಿಗಳಲ್ಲಿ ಡೆಕ್ಕಿನ ಒಳಗೆ ಪ್ಲೈವುಡ್ ಹಲಗೆ ಇರುತ್ತದೆ. ಮೇಲೆ ಫೈಬರ್ ಹೊದಿಕೆ. ಬಿಸಿಲು, ಉಪ್ಪುನೀರು ಬಿದ್ದು ಹೊದಿಕೆ ಸವೆಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗೆ ಇಳಿಯುತ್ತದೆ. ಹಲಗೆ ಕೊಳೆಯುತ್ತದೆ. ಮೇಲೆ ನೋಡಿದರೆ ಚೆನ್ನಾಗೇ ಇರುತ್ತದೆ. ಒಂದು ದಿನ ನಡು ಸಮುದ್ರದಲ್ಲಿ ಕಾಲಿಟ್ಟ ಕಡೆ ಕುಸಿಯುತ್ತದೆ. ಆಗ ಹೋಗೋದು ಜೀವ.

ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಮಲ್ಪೆ, ಗಂಗೊಳ್ಳಿಯಂಥ ಊರುಗಳಲ್ಲಿ ಆಗ ದೋಣಿ ರಿಪೇರಿ ಮಾಡ್ತಾರೆ. ಮಳೆ ತಾಗದಂತೆ ಮೇಲೆ ಮರೆ ಕಟ್ಟಬೇಕು.

ಒಳಗೆ ಕೊಳೆತಿರೋದು ಹೇಗೆ ಗೊತ್ತಾಗುತ್ತೆ? ಅದು ನಿಮಗೆ ಆಗಲೇ ಗೊತ್ತು. ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾಯ್ತೀರಿ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸ್ತೀರಿ. ಗಡಗಡ ಅಂದ್ರೆ ಗಿಟಕು ಕೊಬ್ಬರಿ ಆಗಿದೆ ಅಂತ ಲೆಕ್ಕ. ಹಾಗೇ ಡೆಕ್ಕನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬರಬೇಕು. ಟಣ್ ಅಂದ್ರೆ ಗಟ್ಟಿ. ದೊಬ್ ಅಂದ್ರೆ ಒಳಗೆ ಹಾಳು.

ಹಾಳಾದ ಜಾಗವನ್ನು ಕೊಯ್ದು ತೆಗೆಯಬೇಕು. ಒದ್ದೆ ಹಲಗೆ ಒಂದು ತುಂಡೂ ಉಳಿಯಬಾರದು. ಪೂರ್ತಿ ಒಣಗಿಸಬೇಕು. ಹೊಸ ಹಲಗೆ ಕೂರಿಸಬೇಕು. ಸುತ್ತಲಿನ ಹಳೇ ಫೈಬರನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಬೇಕು. ಧೂಳು ಒರೆಸಿ, ಗಾಜಿನ ಚಾಪೆ ಹಾಸಿ, ರೆಸಿನ್ ಸವರಬೇಕು. ಅದು ಗಟ್ಟಿಯಾದ ಮೇಲೆ ಬಣ್ಣ. ಬಣ್ಣ ಹಸಿ ಇರುವಾಗಲೇ ಒಣಗಿದ ಸಣ್ಣ ಮರಳು ಉದುರಿಸಿ, ಮೇಲೊಂದು ಕೈ ಬಣ್ಣ ಹೊಡೆದರೆ ಕಾಲು ಜಾರುವುದಿಲ್ಲ.

ಹಸಿ ಕೊಬ್ಬರಿಯನ್ನು ಮೂಟೆ ಕಟ್ಟಿದರೆ ಏನಾಗುತ್ತೆ? ಬೂಷ್ಟು ಹಿಡಿಯುತ್ತೆ. ಒದ್ದೆ ಹಲಗೆಯ ಮೇಲೆ ಬಣ್ಣ ಬಳಿದರೂ ಅಷ್ಟೇ. ಹೊಸ ಬಣ್ಣ ಹಳೇ ಕೊಳೆಯನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಈಗ ಅಪಾಯದ ಮಾತು. ರೆಸಿನ್ ಗಟ್ಟಿಯಾಗಲು ಹಾರ್ಡನರ್ ಎಂಬ ದ್ರವ ಹಾಕ್ತಾರೆ. ಒಂದು ಕಿಲೋ ರೆಸಿನ್‌ಗೆ ಸಾಮಾನ್ಯವಾಗಿ 10ರಿಂದ 20 ಗ್ರಾಂ. ಕಮ್ಮಿಯಾದರೆ ಗಟ್ಟಿಯಾಗದೆ ಅಂಟಂಟು ಉಳಿಯುತ್ತದೆ. ಜಾಸ್ತಿಯಾದರೆ ಕಾದು ಬಿರುಕು ಬಿಡುತ್ತದೆ. ಕೋಬಾಲ್ಟ್ ಎಂಬ ಇನ್ನೊಂದು ದ್ರವವೂ ಇದೆ. ಅದನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು. ಹಾರ್ಡನರ್ ಆಮೇಲೆ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು.

ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ಕೂಡಲೇ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಬೇಕು. ಕೆಲಸ ಮಾಡುವಾಗ ಕನ್ನಡಕ, ಕೈಗವಸು, ಮುಖಕ್ಕೆ ಮಾಸ್ಕ್ ಬೇಕು. ಗಾಜಿನ ಧೂಳು ಮೈಗೆ ತುರಿಕೆ, ಶ್ವಾಸಕ್ಕೆ ಕೆಟ್ಟದ್ದು. ಸೀರೆ ಸೆರಗು ಮುಚ್ಚಿಕೊಂಡರೆ ರೆಸಿನ್ ಹೊಗೆ ತಡೆಯುವುದಿಲ್ಲ. ಗಾಳಿ ಆಡುವ ಜಾಗದಲ್ಲೇ ಮಾಡಬೇಕು. ಬೀಡಿ, ಒಲೆ ಹತ್ತಿರ ಬರಬಾರದು. ಮಕ್ಕಳೂ ಬರಬಾರದು. ಈ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡಬೇಡಿ.

ಹರಿಗೋಲು ಇರಲಿ, ಮನೆಯ ಬಾಗಿಲೇ ಇರಲಿ, ಫೈಬರ್ ರಿಪೇರಿಗೆ ಇದೇ ನಿಯಮ. ಗಂಡಸರ ಕೆಲಸ ಅಂತ ಸುಮ್ಮನಿರಬೇಡಿ. ಡಬ್ಬಿ ಕೈಗೆ ತಗೊಳ್ಳಿ. ಅದರ ಮೇಲಿನ ಅಂಕಿ ಓದಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಅಂಗಡಿಯವರನ್ನು ಕೇಳಿ, ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿ. ನೀವು ಬರೆದ ಆ ಎರಡು ಸಾಲು ಒಬ್ಬರ ಕಣ್ಣು ಉಳಿಸಬಹುದು.

ಮಾತಾಡೋಣ

1. ಡೆಕ್ಕನ್ನು ತಟ್ಟಿ ನೋಡೋದು ಯಾಕೆ?
2. ಯಾವ ಎರಡು ದ್ರವ ನೇರವಾಗಿ ಬೆರೆಯಬಾರದು?
3. ನಿಮ್ಮ ಮನೆಯಲ್ಲಿರುವ ಒಂದು ಔಷಧಿ ಡಬ್ಬಿ ತನ್ನಿ. ಅದರ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಓದಿ.