ಹಲಗೆಯ ಮೇಲಿನ ನಡಿಗೆ



ನೆಲದ ಮೇಲೆ ಒಂದು ಹಲಗೆ ಹಾಕಿ, ಇದರ ಮೇಲೆ ನಡೆಯಿರಿ ಎಂದರೆ ಯಾರು ಬೇಕಾದರೂ ನಡೆದುಬಿಡುತ್ತಾರೆ. ಅದೇ ಹಲಗೆಯನ್ನು ಆಳವಾದ ಕಮರಿಗೆ ಅಡ್ಡ ಹಾಕಿದರೆ ಕಾಲು ನಡುಗುತ್ತದೆ. ಹಲಗೆ ಅದೇ, ಕಾಲೂ ಅದೇ. ಆದರೆ ಬೀಳುವ ದೃಶ್ಯ ಮನಸ್ಸಿನಲ್ಲಿ ಮೂಡಿತು, ಮೈ ಅದನ್ನೇ ನಂಬಿತು. ಸುಮಾರು ಸಾವಿರ ವರ್ಷಗಳ ಹಿಂದೆ ಈ ಉದಾಹರಣೆ ಕೊಟ್ಟವನು ಪರ್ಷಿಯಾದ ವೈದ್ಯ ಇಬ್ನ್ ಸೀನಾ. ಅದಕ್ಕೂ ಹಿಂದೆ ನಮ್ಮ ಪತಂಜಲಿಯ ಯೋಗಸೂತ್ರ, ಕಾಡುವ ಯೋಚನೆಗೆ ಎದುರಾಗಿ ‘ಪ್ರತಿಪಕ್ಷ ಭಾವನೆ’ಯನ್ನು ಬೆಳೆಸಿಕೊಳ್ಳಲು ಹೇಳಿತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ನ್ಯಾನ್ಸಿ ಪಟ್ಟಣದಲ್ಲಿ ಎಮಿಲ್ ಕುಯೇ ಇದೇ ಹಲಗೆಯ ಮಾತನ್ನು ಮತ್ತೆ ಎತ್ತಿದ. ಔಷಧಿ ಅಂಗಡಿ ನಡೆಸಿದ್ದವನು. ಹಟಕ್ಕೂ ಕಲ್ಪನೆಗೂ ಜಟಾಪಟಿ ಬಿದ್ದರೆ ಗೆಲ್ಲುವುದು ಕಲ್ಪನೆಯೇ ಎಂಬುದು ಅವನ ವಾದ. ಅವನು ಕಂಡದ್ದು ಸರಿ. ಆದರೆ ಮದ್ದಾಗಿ ಕೊಟ್ಟದ್ದು ದಿನವೂ ಹೇಳಿಕೊಳ್ಳಬೇಕಾದ ಒಂದು ವಾಕ್ಯ. ಒಳಗಿನ ಚಿತ್ರ ಹಾಗೇ ಉಳಿದಿದ್ದರೆ, ಬಾಯಿಯ ಮಾತು ಎಷ್ಟು ದೂರ ಹೋದೀತು?

ಚಿತ್ರಕ್ಕೇ ಕೈಹಾಕಿದವನು ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ. ಜೋಹಾನ್ಸ್‌ಬರ್ಗ್‌ನಲ್ಲಿ ಬೆದರಿದ ಬೆಕ್ಕುಗಳ ಮೇಲೆ ಆತ ಪ್ರಯೋಗ ನಡೆಸಿದ. ಹೆದರಿಕೆ ಹುಟ್ಟಿಸಿದ ಕೋಣೆಯಲ್ಲಿ ಬೆಕ್ಕು ಊಟ ಮುಟ್ಟುತ್ತಿರಲಿಲ್ಲ. ಆ ಕೋಣೆಯನ್ನು ಅಷ್ಟಾಗಿ ಹೋಲದ ಜಾಗದಲ್ಲಿ ಮೊದಲು ತಿನ್ನಿಸಿ, ಆಮೇಲೆ ಸ್ವಲ್ಪ ಹೋಲುವ ಜಾಗದಲ್ಲಿ ತಿನ್ನಿಸಿ, ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಕೋಣೆಗೇ ತಂದ. ಮನುಷ್ಯರ ವಿಷಯದಲ್ಲಿ ಕೋಣೆಯ ಬದಲು ಕಲ್ಪನೆಯನ್ನು ಬಳಸಿದ. ಮೊದಲು ಮೈ ಸಡಿಲಿಸುವುದು, ಆಮೇಲೆ ಭಯಗಳಲ್ಲಿ ತೀರ ಚಿಕ್ಕದನ್ನು ಕಣ್ಣಮುಂದೆ ತಂದುಕೊಳ್ಳುವುದು, ಅದು ಕಾಡದೇ ಹೋದಾಗ ಮುಂದಿನದಕ್ಕೆ ಹೋಗುವುದು. 1958ರಲ್ಲಿ ಈ ವಿಧಾನದ ಬಗ್ಗೆ ಅವನ ಪುಸ್ತಕ ಬಂತು.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎನ್‌ಎಲ್‌ಪಿ (ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್) ಎಂಬ ಪದ್ಧತಿ, ಒಳಗಿನ ಚಿತ್ರವನ್ನು ಮಸುಕಾಗಿಸಿ, ಚಿಕ್ಕದು ಮಾಡಿ, ದೂರ ತಳ್ಳಿದರೆ ನಂಬಿಕೆಯೇ ಬದಲಾಗುತ್ತದೆ ಎಂದಿತು. ಹೆಸರು ಬಹಳ ಮಾಡಿತು, ಪುರಾವೆ ಮಾತ್ರ ಒದಗಿಸಲಿಲ್ಲ.

ಗಟ್ಟಿ ಕೆಲಸ ಬೇರೆ ಕಡೆ ನಡೆಯಿತು. ನಾಲ್ಕು ಜನರೆದುರು ಮಾತಾಡಲು ನಡುಗುವವರನ್ನು ಇಂಗ್ಲೆಂಡಿನಲ್ಲಿ ಆನ್ ಹ್ಯಾಕ್‌ಮನ್ ಮತ್ತು ಸಂಗಡಿಗರು ಮಾತಾಡಿಸಿ, 2000ದಲ್ಲಿ ವರದಿ ಪ್ರಕಟಿಸಿದರು. ಹಾಗೆ ನಡುಗುವವರ ಮನಸ್ಸಿನಲ್ಲಿ ತಮ್ಮದೇ ಒಂದು ಚಿತ್ರ ಮತ್ತೆ ಮತ್ತೆ ಬರುತ್ತಿತ್ತು. ಅದರ ಬೇರು ಹೆಚ್ಚಿನವರಲ್ಲಿ ಹಿಂದೆಂದೋ ಆದ ಅವಮಾನದ ನೆನಪಿನಲ್ಲಿತ್ತು. ನೆದರ್‌ಲೆಂಡ್ಸ್‌ನ ಆರ್ನೌಡ್ ಆರ್ನ್ಟ್ಸ್ ಮೊದಲಾದವರು ಬೆಳೆಸಿದ ವಿಧಾನ ಆ ನೆನಪಿನೊಳಕ್ಕೇ ಹೋಗುತ್ತದೆ. ತರಗತಿಯಲ್ಲಿ ಎದ್ದು ನಿಂತು ‘ದಡ್ಡ’ ಅನ್ನಿಸಿಕೊಂಡ ಹುಡುಗನೊಬ್ಬ ಈಗ ನಲವತ್ತರ ಗೃಹಸ್ಥ ಎಂದಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಅವನು ಆ ಕೋಣೆಯನ್ನು ಕಾಣುತ್ತಾನೆ: ಸೀಮೆಸುಣ್ಣದ ವಾಸನೆ, ಹಿಂದಿನ ಬೆಂಚಿನ ನಗು, ಬೆವೆತ ಅಂಗೈ. ಆಮೇಲೆ ಇಂದಿನ ಗೃಹಸ್ಥನಾಗಿಯೇ ಬಾಗಿಲು ದಾಟಿ ಒಳಗೆ ಬರುತ್ತಾನೆ, ಮೇಷ್ಟ್ರಿಗೆ ಸಾಕು ನಿಲ್ಲಿಸಿ ಎನ್ನುತ್ತಾನೆ, ಹುಡುಗನ ಹೆಗಲ ಮೇಲೆ ಕೈಯಿಡುತ್ತಾನೆ. ಕೊನೆಗೆ ಅದೇ ದೃಶ್ಯವನ್ನು ಹುಡುಗನ ಕಣ್ಣಿನಿಂದ ನೋಡುತ್ತಾನೆ, ಚಿಕಿತ್ಸಕರು ಆ ಹುಡುಗನನ್ನು ಕೇಳುತ್ತಾರೆ: ಇನ್ನೂ ಏನು ಬೇಕಪ್ಪಾ ನಿನಗೆ? ನಡೆದದ್ದು ಅಳಿಸಿಹೋಗುವುದಿಲ್ಲ. ‘ನಾನು ದಡ್ಡ’ ಎಂಬ ತೀರ್ಪು ಮಾತ್ರ ಸಡಿಲಾಗುತ್ತದೆ. ಈ ಇಡೀ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹಳ ತಟ್ಟಿದ್ದು ಇದೇ.

ಗೆದ್ದಂತೆ ಕಲ್ಪಿಸಿಕೊಂಡರೆ ಸಾಕೇ ಎಂದು ಕೇಳುವವರಿದ್ದಾರೆ. ಸಾಲದು. 1999ರಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಲಾಸ್ ಏಂಜಲೀಸ್‌ನ ವಿದ್ಯಾರ್ಥಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಒಳ್ಳೆಯ ಅಂಕ ಬಂದ ಸಂಭ್ರಮವನ್ನು ಕಲ್ಪಿಸಿಕೊಂಡವರಿಗಿಂತ, ಪುಸ್ತಕ ತೆರೆದು ಓದಲು ಕೂತದ್ದನ್ನು ಕಲ್ಪಿಸಿಕೊಂಡವರೇ ಪರೀಕ್ಷೆಯಲ್ಲಿ ಮುಂದಿದ್ದರು.

ಸಣ್ಣ ಅಳುಕಿಗೆ ಇಂಥ ಕಲ್ಪನೆಯನ್ನು ಮನೆಯಲ್ಲೇ ಪ್ರಯತ್ನಿಸಬಹುದು: ನಾಳಿನ ಸಭೆಯಲ್ಲಿ ಎದ್ದು ನಿಲ್ಲುವುದು, ಮೊದಲ ವಾಕ್ಯ ಹೇಳುವುದು, ಅಷ್ಟೇ. ಹಿಂಸೆ, ದೌರ್ಜನ್ಯದ ನೆನಪುಗಳಿಗೆ ಮಾತ್ರ ಒಬ್ಬರೇ ಇಳಿಯಬೇಡಿ. ತರಬೇತಾದ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಪಕ್ಕದಲ್ಲಿರಲಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.