ಇಕ್ಕೇರಿಯ ಗಳೆಯೂ ಪಹಣಿಯ ಹಾಳೆಯೂ



ಕಡತ, ಖಾತೆ, ಲೆಕ್ಕಪತ್ರ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ನಿಮ್ಮಲ್ಲಿ ಕೆಲವರಿಗಾದರೂ ಆಕಳಿಕೆ ಬಂದೀತು. ನನಗಾದರೋ ಬಹುಕಾಲದಿಂದ ಇದಕ್ಕಿಂತ ರಸವತ್ತಾದ ವಿಷಯ ಇನ್ನೊಂದಿಲ್ಲ. ಇಂದಿನ ಬೃಹದುದ್ಯಮಗಳು ತಮ್ಮಲ್ಲಿ ರಾಶಿಬೀಳುವ ಪತ್ರಗಳನ್ನೂ ಲೆಕ್ಕಗಳನ್ನೂ ಒಂದು ಕ್ರಮಕ್ಕೆ ತಂದು, ಬೇಕಾದ ವೇಳೆಯಲ್ಲಿ ಬೇಕಾದವನ ಕೈಗೆ ದೊರೆಯುವಂತೆ ಮಾಡಿ, ಆ ಮೂಲಕ ದುಡಿಮೆಯ ಫಲವನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ಹೇರಳವಾಗಿ ಹಣ ಸುರಿಯುತ್ತಿವೆಯಷ್ಟೆ. ಅದೇ ವಿದ್ಯೆಯನ್ನು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಒಬ್ಬ ಅರಸನು ಕಾಡುಗದ್ದೆಗಳ ನಡುವೆ ಪ್ರಯೋಗಿಸಿ ನೋಡಿದ್ದನೆಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ.

ಆ ಅರಸನೇ ಕೆಳದಿಯ ಶಿವಪ್ಪನಾಯಕ. 1645ರಿಂದ 1660ರವರೆಗೆ ಬಿದನೂರಿನಲ್ಲಿ, ಎಂದರೆ ಈಗಿನ ಹೊಸನಗರ ತಾಲೂಕಿನ ನಗರದಲ್ಲಿ, ಆಳಿದವನು. ಅವನು ಪೋರ್ಚುಗೀಸರೊಡನೆ ಹೋರಾಡಿದುದನ್ನೂ ಕರಾವಳಿಯ ಕೋಟೆಗಳನ್ನು ಗೆದ್ದುದನ್ನೂ ಶಾಲೆಯ ಪುಸ್ತಕಗಳು ಹೇಳುತ್ತವೆ. ಆ ಕಥೆ ಅಲ್ಲಿಯೇ ಇರಲಿ. ನನ್ನನ್ನು ಸೆರೆಹಿಡಿದುದು ಅವನ ಖಡ್ಗವಲ್ಲ, ಅವನ ಲೆಕ್ಕ. ಬಿ. ಎಲ್. ರೈಸ್ ಮಹಾಶಯರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿರುವಂತೆ, ಕಂದಾಯವನ್ನು ನಿಗದಿಮಾಡುವುದಕ್ಕೆ ಮೊದಲು ಶಿವಪ್ಪನಾಯಕನು ಪ್ರತಿಯೊಂದು ಊರಿನಲ್ಲಿಯೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಆರಿಸಿಕೊಂಡು, ಸತತವಾಗಿ 12 ವರ್ಷ ಅದನ್ನು ತನ್ನ ಸ್ವಂತ ಖರ್ಚಿನಿಂದ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ತಪ್ಪದೆ ಬರೆಯಿಸಿದನು. ಅತಿವೃಷ್ಟಿಯ ವರ್ಷವೂ ಹುಲುಸಾದ ವರ್ಷವೂ ಆ ಹನ್ನೆರಡರೊಳಗೆ ಸೇರಿ ಸರಾಸರಿ ದೊರೆಯಿತು; ನೆಲವನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಉತ್ಪತ್ತಿಯ ಮೂರನೆಯ ಒಂದು ಪಾಲು ಸರ್ಕಾರಕ್ಕೆಂದು ಗೊತ್ತುಮಾಡಿದ್ದಾಯಿತು. ಇದೇ ‘ಶಿವಪ್ಪನಾಯಕನ ಶಿಸ್ತು’.

ಅಡಕೆ ತೋಟದ ವಿಷಯದಲ್ಲಿ ಅವನು ಮಾಡಿದ್ದು ಇನ್ನೂ ಸೊಗಸು. ತೋಟವನ್ನಳೆಯಲು ಒಂದು ಗಳೆ ಬೇಕು. ಗಳೆ ಅಧಿಕಾರಿಯ ಮನೆಯಲ್ಲಿದ್ದರೆ ಅದು ವರ್ಷದಿಂದ ವರ್ಷಕ್ಕೆ ಮೋಟಾಗುವುದೂ ಉಂಟು, ಉದ್ದವಾಗುವುದೂ ಉಂಟು. ಆದುದರಿಂದ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವನ್ನೇ, ಇಂಗ್ಲಿಷ್ ಮಾನದಲ್ಲಿ 18 ಅಡಿ 6 ಅಂಗುಲವನ್ನೇ, ಗಳೆಯ ಪ್ರಮಾಣವೆಂದು ಸ್ಥಾಪಿಸಿದನು. ಆ ಗಳೆಯಿಂದ ಏರ್ಪಟ್ಟ ಅಳತೆಗೆ ದಾಯವೆಂದು ಹೆಸರು. ಸಾವಿರ ದಾಯದ ತೋಟಕ್ಕೆ, ಊರೂರಿನ ಇಳುವರಿಯನ್ನನುಸರಿಸಿ, 7 ವರಹದಿಂದ 25 ವರಹದವರೆಗೆ ಕಂದಾಯ. ಇದರಲ್ಲಿ ಅಡಗಿರುವ ವಿವೇಕವನ್ನು ನೋಡಿ! ಸಂಶಯವುಳ್ಳ ತೋಟಿಗನು ಯಾವ ಅಧಿಕಾರಿಯ ಅಪ್ಪಣೆಯನ್ನೂ ಬೇಡದೆ, ದೇವರ ದರ್ಶನಕ್ಕೆ ಹೋದಾಗ ಹಗ್ಗ ಹಿಡಿದು ಮೆಟ್ಟಿಲನ್ನಳೆದು ಬರಬಹುದಾಗಿದ್ದಿತು.

ಇದರಿಂದ ದುಡಿಮೆ ಹೇಗೆ ಹೆಚ್ಚುತ್ತದೆಂದು ನೀವು ಕೇಳಬಹುದು. ಅಡಕೆಯ ಸಸಿ ನೆಟ್ಟವನು ಫಲಕ್ಕಾಗಿ ಐದಾರು ವರ್ಷಗಳಾದರೂ ಕಾಯಬೇಕು. ಆ ಅವಧಿಯಲ್ಲಿ ಬೇಲಿ, ಬಸಿಗಾಲುವೆ, ಸೊಪ್ಪು, ಗೊಬ್ಬರ ಎಂದು ಕೈಯಿಂದ ಹಣ ಹೋಗುತ್ತಲೇ ಇರುತ್ತದೆ. ಫಲ ಬಂದ ದಿನ ಕಂದಾಯದವನು ಮನಸ್ಸಿಗೆ ಬಂದಂತೆ ಕೇಳಿಯಾನೆಂಬ ಭಯವಿದ್ದಲ್ಲಿ ಯಾರು ತಾನೆ ಸಸಿ ನೆಟ್ಟಾರು? ಲೆಕ್ಕ ನಿಶ್ಚಿತವಾದುದರಿಂದ, ಮಿಕ್ಕುದೆಲ್ಲ ತನ್ನದೆಂಬ ಧೈರ್ಯದಿಂದ ರೈತನು ತೋಟವನ್ನು ವಿಸ್ತರಿಸಬಲ್ಲವನಾದನು. ಒಳ್ಳೆಯ ದಾಖಲೆಯೆಂಬುದು ತೋಟದ ಬಸಿಗಾಲುವೆಯಂತೆ. ತಾನು ಕಾಯಿ ಬಿಡದು, ಆದರೆ ಅದು ಕಟ್ಟಿಕೊಂಡರೆ ಮರವೇ ಕೊಳೆತುಹೋದೀತು.

ಈ ಲೆಕ್ಕಗಳನ್ನು ಬರೆಯುತ್ತಿದ್ದ ಕಡತವೂ ಒಂದು ವಿಸ್ಮಯವೇ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುವುದು. ಊರಿನ ಲೆಕ್ಕ ಬರೆಯುವ ಶಾನುಭೋಗನು ಅದನ್ನು ಕಂಕುಳಲ್ಲಿಟ್ಟುಕೊಂಡು ಗದ್ದೆಯ ಬದುವಿನವರೆಗೂ ಒಯ್ಯಬಹುದು. ತಪ್ಪಾದುದನ್ನು ಒರಸಿ ತಿದ್ದಬಹುದು. ತಿದ್ದುವ ಸೌಕರ್ಯವಿದ್ದಲ್ಲಿ ವಂಚನೆಗೂ ಎಡೆಯುಂಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಕಾಲವನ್ನು ಬೇಗಬೇಗನೆ ದಾಟಿಬಿಡೋಣ. 1763ರಲ್ಲಿ ಮೈಸೂರಿನ ಹೈದರಾಲಿಯು ಬಿದನೂರನ್ನು ಹಿಡಿದನು. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿದ್ದಿತು. ಆ ಬಳಿಕ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಶಾನುಭೋಗರ ಹಳೆಯ ಲೆಕ್ಕಗಳನ್ನು ಹುಡುಕಿಸಿ ಹಿಂದಿನ ಕಂದಾಯದ ಚರಿತ್ರೆಯನ್ನು ಹೊರತೆಗೆದನು. 1904ರಲ್ಲಿ ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳ ಶಾಸನಗಳನ್ನೆಲ್ಲ ತಾಲೂಕುವಾರು ಕ್ರಮಸಂಖ್ಯೆ ಕೊಟ್ಟು ಪ್ರಕಟಿಸಿದರು. ಇಂದಿಗೂ ಒಂದು ಕಲ್ಲನ್ನು ಹುಡುಕಬೇಕಾದವನಿಗೆ ತಾಲೂಕಿನ ಹೆಸರೂ ಒಂದು ಅಂಕೆಯೂ ಸಾಕು.

ಇನ್ನು ವಿಷಾದದ ಮಾತು. ಇಕ್ಕೇರಿಯಿರುವ ಅದೇ ಸಾಗರ ತಾಲೂಕಿನಲ್ಲಿ, ಅಳತೆಯನ್ನು ಕಲ್ಲಿನ ಮೇಲೆ ಬಹಿರಂಗವಾಗಿ ನಿಲ್ಲಿಸಿದ ನೆಲದಲ್ಲಿಯೇ, 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಬೇಕಾಯಿತು. ಅದಕ್ಕೆ ಕಿಡಿಹೊತ್ತಿಸಿದ್ದು ಒಂದು ಕೊಳಗ. ಗೇಣಿಯ ಭತ್ತವನ್ನಳೆಯುವ ಒಡೆಯರ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದೆಂಬುದೇ ಅವರ ದೂರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಅಳತೆ ಒಬ್ಬನ ಜಗಲಿಯ ಸ್ವತ್ತಾದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮುಂದೆ 1974ರ ಭೂಸುಧಾರಣೆಯಲ್ಲಿ ಉಳುವವನು ನೆಲದ ಹಕ್ಕಿಗಾಗಿ ಫಾರಂ ನಂಬರ್ 7 ತುಂಬಿ ನ್ಯಾಯಮಂಡಲಿಯ ಮುಂದೆ ನಿಂತಾಗ, ಪಹಣಿಯಲ್ಲಿ, ಎಂದರೆ ನೆಲದ ಹಕ್ಕು ಸಾಗುವಳಿಗಳ ದಾಖಲೆಯಲ್ಲಿ, ಗೇಣಿದಾರನೆಂದು ಹೆಸರಿದ್ದವನ ದಾರಿ ಸುಗಮವಾಯಿತು. ತಲೆಮಾರುಗಳಿಂದ ಉತ್ತರೂ ಹೆಸರಿಲ್ಲದವನು ಸಾಕ್ಷಿಗಳ ಬೆನ್ನು ಹತ್ತಿದನು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಊರು ಬಿಟ್ಟೆದ್ದ ಕುಟುಂಬಗಳ ಪಾಡು ಇನ್ನೂ ಕಠಿನ. 1964ರಲ್ಲಿ ಅಣೆಕಟ್ಟು ಮುಗಿಯಿತು, ನಾಡಿಗೆ ಬೆಳಕು ಬಂದಿತು. ಅರಣ್ಯದ ನೆಲದಲ್ಲಿ ನೆಲೆಗೊಂಡ ಅನೇಕ ಸಂತ್ರಸ್ತರಿಗೆ ಮಾತ್ರ ಹಕ್ಕುಪತ್ರದ ತೊಡಕು ಮೊಮ್ಮಕ್ಕಳ ಕಾಲಕ್ಕೂ ಬಿಡಲಿಲ್ಲ. ನೆಲವಿದೆ, ತೋಟವಿದೆ, ಬೆವರಿದೆ. ಕಾಗದವಿಲ್ಲದುದರಿಂದ ಬ್ಯಾಂಕಿನ ಸಾಲವಿಲ್ಲ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದಿತು. ಒಂಬತ್ತು ಸಾವಿರದಷ್ಟು ಗ್ರಾಮಲೆಕ್ಕಿಗರ ಕೈಬರಹದಲ್ಲಿ ಚದರಿದ್ದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. 15 ರೂಪಾಯಿ ಕೊಟ್ಟು ತಾಲೂಕು ಕಚೇರಿಯ ಕಿಟಕಿಯಲ್ಲಿ ಯಾರು ಬೇಕಾದರೂ ತಮ್ಮ ಪಹಣಿ ಪಡೆಯಬಹುದಾಯಿತು. ಲೆಕ್ಕಿಗನ ಮನೆಬಾಗಿಲಿನಲ್ಲಿ ಕೈಕಟ್ಟಿ ನಿಲ್ಲುವ ಕಾಲ ಮುಗಿದುದಕ್ಕಾಗಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಎಷ್ಟೋ ಪಹಣಿಗಳು ಇಂದಿಗೂ ಎಂದೋ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇವೆ. ಪೌತಿ ಖಾತೆ, ಎಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದನ್ನು, ಮಾಡಿಸಿಕೊಳ್ಳದ ಆಲಸ್ಯವನ್ನು ಯಾವ ಯಂತ್ರವೂ ನಿವಾರಿಸಲಾರದು. ಹಳೆಯ ಹೆಸರನ್ನು ಅದು ಕ್ಷಣಮಾತ್ರದಲ್ಲಿ ಅಚ್ಚುಹಾಕಿ ಕೊಟ್ಟೀತು, ಅಷ್ಟೆ.

1939ರಲ್ಲಿ ಹುಟ್ಟಿದ ನಮ್ಮ ಮಾಮ್‌ಕೋಸ್‌ನಂಥ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಗಳಿಗೂ ಮಂಡಿಗಳಿಗೂ, ಲೆಕ್ಕವು ಬೇಕಾದವನ ಕೈಗೆ ದೊರೆಯಬೇಕೆಂಬ ಮಾತು ಅನ್ವಯಿಸುತ್ತದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸಿದ ಮಾಲು ಯಾರದು, ತೂಕವೆಷ್ಟು, ಯಾವ ದರಕ್ಕೆ ಹೋಯಿತು ಎಂಬುದು ಬೆಳೆಗಾರನ ಪಟ್ಟಿಯಲ್ಲಿ ಸ್ಪಷ್ಟವಾಗಿದ್ದರೆ ಮುಂದಿನ ವರ್ಷ ಯಾವ ಬಗೆಯ ಸಂಸ್ಕರಣೆಗೆ ಕೈಹಾಕಬೇಕೆಂಬುದನ್ನು ಅವನೇ ನಿರ್ಧರಿಸಬಲ್ಲನು. ಲೆಕ್ಕ ಗುಮಾಸ್ತನ ಪೆಟ್ಟಿಗೆಯಲ್ಲಿಯೇ ಉಳಿದರೆ ಅದರಿಂದ ಬೆಳೆಗಾರನಿಗೆ ಕವಡೆಯಷ್ಟೂ ಲಾಭವಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಅಟ್ಟದಲ್ಲಿ ಕಪ್ಪು ಕಡತವೋ ತಾಳೆಗರಿಯೋ ಇದ್ದರೆ ಒಲೆಗೆ ಹಾಕಬೇಡಿ, ಹೊಳೆಗೂ ಬಿಡಬೇಡಿ. ಕೆಳದಿ ಗುಂಡಾ ಜೋಯಿಸರು ಇಂಥವನ್ನೇ ಮನೆಮನೆಯಿಂದ ಕೂಡಿಸಿ ಕೆಳದಿಯಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ಕಟ್ಟಿದರು, ಅಲ್ಲಿಯವರಿಗೆ ತೋರಿಸಿ. ಮತ್ತು ನಾಳೆ ಬೆಳಿಗ್ಗೆ ನಿಮ್ಮ ಪಹಣಿಯನ್ನು ತೆಗೆದು ಯಾರ ಹೆಸರಿದೆಯೆಂದು ಓದಿ. ಅಜ್ಜನದಾದರೆ, ಅಡಕೆ ಸುಲಿಯುವ ಕಾಲ ಬರುವುದರೊಳಗೆ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಒಟ್ಟಾಗಿ ತಾಲೂಕು ಕಚೇರಿಗೆ ಹೋಗಿ ಬನ್ನಿ.