ಪುಣೆಯಲ್ಲಿ ರೀಸೇಲ್ ಫ್ಲ್ಯಾಟಾ? ಮೊದಲು ಸೊಸೈಟಿ ಲೆಕ್ಕ ನೋಡಿ

ಪುಣೆಗೆ ಬಂದ ನಮ್ಮವರು ರೀಸೇಲ್ ಫ್ಲ್ಯಾಟ್ ನೋಡೋಕೆ ಹೋದಾಗ ಮೊದಲು ಕೇಳೋದೇನು ಗೊತ್ತಾ? "ಇಸಿ ಇದೆಯಾ? ಎ ಖಾತಾನಾ, ಬಿ ಖಾತಾನಾ?" ಬ್ರೋಕರ್ ಮುಖಮುಖ ನೋಡ್ತಾನೆ. ಅದು ಬೆಂಗಳೂರಿನ ಭಾಷೆ. ಇಲ್ಲಿ ನೋಂದಣಿಯ ಸಾರಾಂಶ ಇಂಡೆಕ್ಸ್-2ರಲ್ಲಿ, ಜಮೀನಿನ ವಿವರ ಸಾತ್‌ಬಾರಾ ಅಥವಾ ಪ್ರಾಪರ್ಟಿ ಕಾರ್ಡ್‌ನಲ್ಲಿ. 30 ವರ್ಷದ ಸರ್ಚ್ ರಿಪೋರ್ಟ್ ಮಾಡಿಸಿ. ನಿಮ್ಮ ವಕೀಲರಿಂದ, ಬ್ರೋಕರ್ ಕರ್ಕೊಂಡು ಬಂದವರಿಂದ ಅಲ್ಲ.

"ಬ್ಯಾಂಕ್ ಲೋನ್ ಪಾಸ್ ಮಾಡ್ತಲ್ಲ, ಇನ್ನೇನು?" ಅಂತಾರೆ. ಬ್ಯಾಂಕ್ ನೋಡೋದು ತನ್ನ ಸಾಲದ ಭದ್ರತೆ. ಏಪ್ರಿಲ್‌ನಲ್ಲಿ ನಲ್ಲಿಲಿ ನೀರು ಬರುತ್ತಾ ಅನ್ನೋದು ಅದರ ತಲೆನೋವಲ್ಲ.

ನಾನು, ನನ್ನ ಹೆಂಡತಿ ಒಂದು ಫ್ಲ್ಯಾಟ್ ನೋಡಿದ್ವಿ. ಹೊಸ ಬಣ್ಣ, ಒಳ್ಳೆ ಗಾಳಿ-ಬೆಳಕು, ಭೋಗವಟಾ ಪತ್ರ ಅಂದ್ರೆ ಓಸಿನೂ ಇತ್ತು. ಮಾರೋರು ಚಹಾ ಕೊಟ್ಟರು. "ಕಾಕಾ, ಸೊಸೈಟಿಯ ಮೂರು ವರ್ಷದ ಆಡಿಟ್ ಆದ ಲೆಕ್ಕ ತೋರಿಸ್ತೀರಾ?" ಅಂದೆ. ಸ್ವಲ್ಪ ಯೋಚಿಸಿದ್ರು, ಆಮೇಲೆ ಫೈಲ್ ತಂದ್ರು.

ನಾನು ನೋಡಿದ್ದು ಮೂರೇ ಸಾಲು. ಟ್ಯಾಂಕರ್ ಖರ್ಚು ವರ್ಷವರ್ಷಕ್ಕೂ ಏರಿತ್ತು. ಸಿಂಕಿಂಗ್ ಫಂಡ್ ಹೆಚ್ಚುಕಡಿಮೆ ಖಾಲಿ. ಮಾದರಿ ಬೈಲಾ ಪ್ರಕಾರ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ 0.25% ಅದಕ್ಕೆ ಕಟ್ಟಬೇಕು. ಅದು ಇಲ್ಲ ಅಂದ್ರೆ ನಾಳೆ ಲಿಫ್ಟ್ ಬದಲಾಯಿಸೋ ದುಡ್ಡು ನಮ್ಮ ಜೇಬಿಂದ. ಮೂರನೇದು, ವಕೀಲರ ಫೀಸು. ಯಾಕೆ ಅಂತ ಕೇಳಿದಾಗ ಗೊತ್ತಾಯ್ತು, ಬಿಲ್ಡರ್ ಇನ್ನೂ ಕನ್ವೇಯನ್ಸ್ ಮಾಡಿಕೊಟ್ಟಿಲ್ಲ. ಅಂದ್ರೆ ಕಟ್ಟಡದಲ್ಲಿ ಜನ ಇದ್ದಾರೆ, ಕೆಳಗಿನ ಜಾಗ ಸೊಸೈಟಿ ಹೆಸರಿಗೆ ಬಂದಿಲ್ಲ. 1963ರ ಮೋಫಾ ಕಾಯ್ದೆಯಲ್ಲಿ ಡೀಮ್ಡ್ ಕನ್ವೇಯನ್ಸ್‌ಗೆ ದಾರಿ ಇದೆ, ಆದರೆ ಓಡಾಟ ಬೇಕು. ಮುಂದೆ ರೀಡೆವಲಪ್‌ಮೆಂಟ್ ಅಂತ ಬಂದಾಗ ಮೊದಲು ಅಡ್ಡ ಬರೋದು ಇದೇ.

ಹೊಸ ಬಣ್ಣದ ಬಗ್ಗೆನೂ ಒಂದು ಮಾತು: ಜುಲೈ ಮಳೇಲಿ ಇನ್ನೊಂದು ಸಲ ಹೋಗಿ. ಆಗಲ್ಲ ಅಂದ್ರೆ ಕೆಳಗಿನ ಮನೆಯವರ ಬಾತ್‌ರೂಮ್ ಸೀಲಿಂಗ್ ನೋಡಿ.

ಆ ಫ್ಲ್ಯಾಟ್ ನಾವು ಬಿಟ್ವಿ. ಕಾಕಾ ಪ್ರಾಮಾಣಿಕ ಮನುಷ್ಯ, ತೋರಿಸಿದ್ರು. ಎಲ್ಲರೂ ತೋರಿಸಲ್ಲ. "ಸೊಸೈಟಿಯವರು ಕೊಡಲ್ಲ" ಅಂತಾರೆ. ನೀವಿನ್ನೂ ಸದಸ್ಯರಲ್ಲ, ನಿಜ. ಆದರೆ ಮಾರೋರು ಸದಸ್ಯರು. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಕೊನೆಯ ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಸಭೆಯ ನಡಾವಳಿ ಎರಡನ್ನೂ ಅವರು ಪುಕ್ಕಟೆ ನೋಡಬಹುದು, ಫೀಸು ಕಟ್ಟಿ ನಕಲು ತಗೋಬಹುದು. ಟೋಕನ್ ಕೊಡೋ ಮುಂಚೆನೇ ಆ ನಕಲು ಕೇಳಿ, ಜೊತೆಗೆ ಬಾಕಿ ಏನೂ ಇಲ್ಲ ಅನ್ನೋ ಸೊಸೈಟಿ ಪತ್ರನೂ.